ಖರ್ಚಾಗದ ಔಷಧ

ಯಾವ ಸರ್ಕಾರಿ ಆಸ್ಪತ್ರೆಗೆ ಯಾವ ಔಷಧ ಎಷ್ಟು ಕಳಿಸಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಒಮ್ಮೆ ದಾಸ್ತಾನು ನೋಡಲು ನವಲಿ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಹೋಗಿದ್ದೆ. ಆಗಲೇ ಇಮಾಮಸಾಬ ಎಂಬ ರೈತ ಹೆಂಡತಿಯನ್ನು ಬೈಕಿನ ಮೇಲೆ ಕರೆತಂದ. ಗದ್ದೆಯಲ್ಲಿ ಕಳೆ ಕೀಳುವಾಗ ಆಕೆಗೆ ಹಾವು ಕಚ್ಚಿತ್ತು. ಅಲ್ಲಿ ಹಾವಿನ ಔಷಧವೇ ಇರಲಿಲ್ಲ.

“ಸುತ್ತ ಬರೇ ಗದ್ದಿ ಅದಾವ. ಹಾವಿನ ಔಷಧ ಇಡಾಕ ನಿಮಗ ಏನಾಗೈತ್ರಿ?” ಎಂದು ಆತ ನನ್ನನ್ನೇ ಕೇಳಿದ.

ಇಬ್ಬರನ್ನೂ ನಮ್ಮ ಜೀಪಿಗೆ ಹತ್ತಿಸಿಕೊಂಡು ಗಂಗಾವತಿಯ ದೊಡ್ಡ ಆಸ್ಪತ್ರೆಗೆ ಹೊರಟೆ. ಆ ಸಣ್ಣ ಆಸ್ಪತ್ರೆಗೂ ಹಾವಿನ ಔಷಧ ಕಳಿಸೋಣವೆಂದು ದಾರಿಯಲ್ಲೇ ಮೇಲಧಿಕಾರಿಗೆ ಫೋನ್ ಮಾಡಿದೆ.

“ಹೋದ ವರ್ಷ ಅಲ್ಲಿ ಒಂದೂ ಖರ್ಚಾಗಿಲ್ಲ. ಖರ್ಚಿಲ್ಲದ ಕಡೀಗೆ ಕಳಸಾಕ ರೂಲ್ಸ್ ಇಲ್ಲ,” ಅಂದರು.

“ಇದ್ರ ತಾನ ಸರ್ ಖರ್ಚಾಗೂದು? ನಾವು ಕಳಸೇ ಇಲ್ಲಲ್ಲ.”

“ಸಿಟ್ಟಾಗಬ್ಯಾಡ್ರಿ. ಬೇಡಿಕಿ ಬರ್ಲಿ, ನೋಡೋಣು.”

ಹಿಂದಿನ ಸೀಟಿನಲ್ಲಿ ಆಕೆಯ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. ಇಮಾಮಸಾಬ ಹೆಸರು ಹಿಡಿದು ಕರೆಯುತ್ತಲೇ ಇದ್ದ. ನನಗೆ ಫೋನನ್ನು ಕಿಟಕಿಯಾಚೆ ಎಸೆಯಬೇಕೆನಿಸಿತು.

ಗಂಗಾವತಿಯಲ್ಲಿ ಔಷಧ ಇತ್ತು, ಆಕೆ ಉಳಿದಳು. ಮರುತಿಂಗಳು ಕಂಪ್ಯೂಟರ್ ತೆರೆದರೆ ಆ ಇಂಜೆಕ್ಷನ್‌ಗಳೆಲ್ಲ ಗಂಗಾವತಿಯ ಖರ್ಚಿಗೆ ಸೇರಿದ್ದವು. ಸಣ್ಣ ಆಸ್ಪತ್ರೆಯ ಹೆಸರಿನ ಮುಂದೆ ಮತ್ತೆ ಸೊನ್ನೆ. ನಮ್ಮ ಇಲಾಖೆಯ ಪ್ರಕಾರ ಆ ಊರಿನ ಹಾವುಗಳು ಇಂದಿಗೂ ಯಾರನ್ನೂ ಕಚ್ಚಿಲ್ಲ.