ಮಾವ ಕಲಿಸಿದ ಎರಡು ಗುರುತು

ಅಂಗಿಯ ಜೇಬಿನಲ್ಲಿದ್ದ ಚೀಟಿ ವಾಷಿಂಗ್ ಮಷಿನ್‌ನಿಂದ ಉಂಡೆಯಾಗಿ ಹೊರಬಂತು. ಅದರಲ್ಲಿ ಮಾವನ ಗೋರಿಯ ನಂಬರ್ ಇತ್ತು, ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೆಯದು ಎಂದು. ಇವತ್ತು ಶುಕ್ರವಾರ, ಈ ಕೊಲ್ಲಿ ದೇಶದಲ್ಲಿ ವಾರದ ರಜೆ; ಇವತ್ತೂ ನಾಳೆಯೂ ಕಬರಸ್ತಾನದ ಕಚೇರಿಗೆ ಬೀಗ. ನಾಳೆ ಬೆಳಿಗ್ಗೆ ಮಂಗಳೂರಿನಿಂದ ಅಮ್ಮ ಬಂದಿಳಿಯುತ್ತಾಳೆ. ಬರುವುದೇ ತನ್ನ ಅಣ್ಣನ, ಅಂದರೆ ನನ್ನ ಈ ಮಾವನ ಗೋರಿಯ ಮುಂದೆ ಒಮ್ಮೆ ನಿಲ್ಲಲು. ಅಲ್ಲಿ ಸಾಲು ಸಾಲು ಗೋರಿಗಳಿಗೆ ಬರಹವಿಲ್ಲದ ಒಂದೊಂದು ಕಲ್ಲು, ಅಷ್ಟೇ. ಹೆಸರು ಕೆತ್ತಿಸುವುದು ಬೇಡವೆಂದು ಮಾವನೇ ಹೇಳಿಹೋಗಿದ್ದರು. ಸತ್ತ ಮೇಲೂ ಮನುಷ್ಯ ಹೀಗೆ ಸತಾಯಿಸಬಹುದೇ, ನೀವೇ ಹೇಳಿ.

ಸತಾಯಿಸುವುದು ಅವರಿಗೆ ಹೊಸದಲ್ಲ. ಮರುಭೂಮಿ ದಾಟಿ ದುಖಾನ್ ಕಡೆ ಹೊರಟಾಗಲೆಲ್ಲ ನಡುದಾರಿಯಲ್ಲಿ ನನ್ನ ಕಾರು ನಿಲ್ಲಿಸಿ, ಬಿಸಿಲಿಗೆ ಇಳಿಸಿ, ಫೋನ್ ಕಿತ್ತುಕೊಳ್ಳುತ್ತಿದ್ದರು.

"ಎಲ್ಲಿದ್ದಿ ಹೇಳು ಮಾರಾಯ. ಹತ್ತಿರದ್ದೊಂದು, ದೂರದ್ದೊಂದು ಗುರುತು ಹಿಡಿ. ಒಂದರ ಹಿಂದೆ ಒಂದು ಅಡಗಬೇಕು. ಅಂಥ ಎರಡು ಜೋಡಿ ಸಿಕ್ಕಿದರೆ ಖಲಾಸ್, ನೀನು ತಪ್ಪಿಹೋಗುವುದಿಲ್ಲ."

ನಾನು ಮೆಸಯೀದ್‌ನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್, ಡಿಪ್ಲೊಮಾ ಓದಿದವನು. ಫೋನಿನಲ್ಲೇ ನಕ್ಷೆ ಇದೆಯಲ್ಲ ಎಂದು ಗೊಣಗುತ್ತಿದ್ದೆ.

ನಕ್ಷೆ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಇಲ್ಲಿ ಬ್ರಿಟಿಷರ ಮಾತೇ ನಡೆಯುತ್ತಿದ್ದ ಕಾಲದಲ್ಲಿ ಅವರು ಎಣ್ಣೆ ಹುಡುಕುವ ಸರ್ವೆ ತಂಡದ ಗುಮಾಸ್ತ. ತಿಂಗಳುಗಟ್ಟಲೆ ಮರುಭೂಮಿಯ ಅಲೆದಾಟ. ಸಾಲಿಂ ಎಂಬ ಬೆದೂಯಿನ್ ಅಲೆಮಾರಿ ಮುಂದೆ ನಡೆದು ಬಾವಿ ತೋರಿಸಿ, ಅದರ ಹೆಸರು ಹೇಳುತ್ತಿದ್ದ; ಒಂದು ಅವನ ಅಜ್ಜಿಯ ಹೆಸರಿನದು. ತಂಡದ ಬ್ರಿಟಿಷ್ ದೊರೆ ಬಾವಿಗೊಂದು ನಂಬರ್ ಹಾಕಿಸುತ್ತಿದ್ದ. ಸಂಜೆ ದೊರೆಯ ಡೇರೆಗೆ ಮಂಜುಗಡ್ಡೆ, ಬಾವಿ ತೋರಿಸಿದವನಿಗೆ ಕುಡಿಯಲು ಬಿಸಿಲಿಗೆ ಕಾದ ಡ್ರಮ್ಮಿನ ನೀರು. ಒಮ್ಮೆ ಮಾವ ನಂಬರಿನ ಪಕ್ಕ ಆ ಅಜ್ಜಿಯ ಹೆಸರನ್ನೂ ಬರೆದರಂತೆ. ದೊರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಹೊಸ ಹಾಳೆ ಕೊಟ್ಟ. ಮಾವ ತಲೆ ತಗ್ಗಿಸಿ ಮತ್ತೆ ಬರೆದರು, ಬರೀ ನಂಬರ್.

"ಹೇಳಿದ್ದು ದೊರೆ, ಸರಿ. ಬರೆದದ್ದು ನನ್ನ ಕೈಯಲ್ಲವಾ?" ಎಂದು ಮಾವ ನನ್ನನ್ನು ಕೇಳುತ್ತಿದ್ದರು.

ಅದೇ ಸಂಜೆ ಸಾಲಿಂ ಏನೂ ಕೇಳದೆ ತನ್ನ ಖರ್ಜೂರದಲ್ಲಿ ಪಾಲು ಕೊಟ್ಟನಂತೆ. ಆ ವರ್ಷವೇ ಮಾವ ಅವನ ಧರ್ಮ ಸೇರಿ, ಅವನ ಪಕ್ಕದಲ್ಲಿ ನಮಾಜಿಗೆ ನಿಂತರು. ಊರಿನಲ್ಲಿ ಅಜ್ಜ ಮಗನ ಮಾತೆತ್ತುವುದನ್ನೇ ಬಿಟ್ಟರು. ಅಮ್ಮ ಮಾತ್ರ ಅಣ್ಣ ಅನ್ನುತ್ತಲೇ ಇದ್ದಳು.

ಮಧ್ಯಾಹ್ನ ಕಬರಸ್ತಾನದಲ್ಲಿ ನಿಂತು ಮಾವನನ್ನೂ ನನ್ನನ್ನೂ ಬೈದುಕೊಂಡೆ. ಫೋನಿನ ನಕ್ಷೆ ನನ್ನನ್ನು ಗೇಟಿನವರೆಗೆ ತಂದು, ತಲುಪಿದ್ದೀರಿ ಎಂದು ಸುಮ್ಮನಾಗಿತ್ತು. ಆಮೇಲೆ ನೆನಪಾಯಿತು. ಮಣ್ಣು ಹಾಕಿದ ದಿನ ಅಳು ತಡೆಯಲು ನಾನು ದೂರಕ್ಕೆ ನೋಡುತ್ತಿದ್ದೆ. ಗೋಡೆಯಾಚೆ ನೀರಿನ ಟ್ಯಾಂಕಿನ ಮುಂದಿನ ಕಾಲು ಹಿಂದಿನ ಕಾಲನ್ನು ಮರೆಮಾಡಿತ್ತು. ಬಲಕ್ಕೆ, ಗೇಟಿನ ದೀಪದ ಕಂಬದ ಹಿಂದೆ ದೂರದ ಮಸೀದಿಯ ಮಿನಾರು ಅಡಗಿತ್ತು. ಟ್ಯಾಂಕಿನ ಕಾಲುಗಳು ಒಂದಾಗುವವರೆಗೆ ಪಕ್ಕಕ್ಕೆ ಸರಿದೆ. ಮಿನಾರು ಅಡಗುವವರೆಗೆ ಮುಂದೆ ನಡೆದೆ. ಕಾಲ ಬಳಿ ಅಂಚು ಮುರಿದ ಕಲ್ಲು. ಆ ದಿನ ಇಟ್ಟದ್ದು ಇದನ್ನೇ; ಬೇರೆ ಕಲ್ಲು ಇಡಿ ಎನ್ನಲು ಹೊರಟಿದ್ದೆ.

ಅಷ್ಟರಲ್ಲಿ ಅಮ್ಮನ ಫೋನ್. "ನಂಬರ್ ಜೋಪಾನವಾಗಿ ಉಂಟಲ್ಲ ಮಗಾ?"

"ಅದು ಹೋಯಿತಮ್ಮ. ಮಾವ ಎಲ್ಲಿದ್ದಾರೆ ಅಂತ ನನಗೆ ಗೊತ್ತುಂಟು."

ಫೋನ್ ಜೇಬಿಗಿಟ್ಟು ಅಲ್ಲೇ ನಿಂತೆ. ಕೊನೆಗೂ ಈ ಮನುಷ್ಯ ನನ್ನನ್ನು ಕಾರಿನಿಂದ ಇಳಿಸಿ ಬಿಸಿಲಿನಲ್ಲಿ ನಿಲ್ಲಿಸಿಯೇ ಬಿಟ್ಟಿದ್ದರು. ಈ ಸಲ ಹೊರಡುವ ಅವಸರ ಮಾತ್ರ ನನಗಿರಲಿಲ್ಲ.