‘ಶುದ್ಧ ಶಾಕಾಹಾರಿ’ ಫಲಕದ ಹಿಂದಿನ ಸಂಸಾರ

ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು ಬಂದ ಮರುವರ್ಷ ನಾನು ಅಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಅಪ್ಪ ಅವ್ವ ಯಾದಗಿರಿ ಕಡೆಯಿಂದ ನಾಸಿಕಕ್ಕೆ ಬಂದು ಸಾತಪುರದ ಕಾರ್ಖಾನೆಗಳಿಗೆ ಗೋಡೆ ಕಟ್ಟಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅರಣ್ಯ ಇಲಾಖೆ ಎಂದರೆ ಜನ ಚಿರತೆಯ ಕಥೆ ಕೇಳುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದು ಇಡ್ಲಿ ಹೋಟೆಲಿನ ಕಥೆ.

ದೌಲತಾಬಾದ್ ಕೋಟೆಯ ದಾರಿಯಲ್ಲಿ ಕುಂದಾಪುರ ಕಡೆಯ ಸದಾಶಿವ ಐತಾಳರ ಹೋಟೆಲಿತ್ತು. ಎಲ್ಲೋರಾಕ್ಕೆ ಹೋಗುವ ಪ್ರವಾಸಿ ಬಸ್ಸುಗಳು ಬೆಳಗಿನ ತಿಂಡಿಗೆ ಅಲ್ಲಿ ನಿಲ್ಲುತ್ತಿದ್ದವು. ಒಂದು ದಿನ ಅವರೇ ಫೋನ್ ಮಾಡಿದರು.

“ಮೇಡಂ, ನಮ್ಮ ಬೋರ್ಡಿನ ಹಿಂದೆ ಗೂಬೆ ಸಂಸಾರ ಹೂಡಿದೆ. ಒಮ್ಮೆ ಬಂದು ತಕ್ಕೊಂಡು ಹೋಗಿ ಮಾರಾಯ್ರೆ.”

“ಅಪಶಕುನ ಅಂತೇನ್ರಿ?”

“ಶಕುನ ಅತ್ಲಾಗಿರ್ಲಿ. ಮೂಳೆ ಬೀಳ್ತದೆ ಮೇಡಂ, ನನ್ನ ಮೆಟ್ಟಿಲ ಮೇಲೆ.”

ಹೋಗಿ ನೋಡಿದೆ. ಬಾಗಿಲ ಮೇಲೆ ದೊಡ್ಡ ತಗಡಿನ ಫಲಕ. ಅದರ ಮೇಲೆ ಹಸಿರು ಅಕ್ಷರದಲ್ಲಿ ‘ಶುದ್ಧ ಶಾಕಾಹಾರಿ’. ಫಲಕಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಹೃದಯದಾಕಾರದ ಬಿಳಿ ಮುಖದ ಕಣಜ ಗೂಬೆ, ಅದರ ಬೆನ್ನಿಗೆ ಹತ್ತಿ ಉಂಡೆಯಂಥ ಮರಿಗಳು. ಕೆಳಗೆ ಒದ್ದೆ ಕಪ್ಪು ಕಲ್ಲಿನ ಮೇಲೆ ಸಣ್ಣ ಸಣ್ಣ ಬಿಳಿ ಮೂಳೆಗಳು, ರಂಗೋಲಿಯ ಚುಕ್ಕಿ ಇಟ್ಟ ಹಾಗೆ.

ಯಾರೋ ಆ ಮೂಳೆಗಳ ವಿಡಿಯೊ ಮಾಡಿ ಹಂಚಿದ್ದರು. ಹಿಂಬಾಗಿಲಿನಲ್ಲಿ ಲಾವಕ್ಕಿ ಬೇಯುತ್ತದೆ ಎಂದು ಸುದ್ದಿ ಹಬ್ಬಿತ್ತು. ಬಸ್ಸುಗಳು ಒಂದೊಂದಾಗಿ ತಪ್ಪಿದ್ದವು. ಉಳಿದದ್ದು ನಾಸಿಕದಿಂದ ಹಿರಿಯರ ಗುಂಪುಗಳನ್ನು ಕರೆತರುವ ಸುಮನತಾಯಿಯ ಬಸ್ಸುಗಳು. ಆಕೆ ನಿವೃತ್ತ ಶಾಲಾ ಶಿಕ್ಷಕಿ, ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು. ಮರುದಿನ ತಾನೇ ಬಂದು ಪರೀಕ್ಷಿಸುತ್ತೇನೆ, ಒಪ್ಪಿಗೆಯಾಗದಿದ್ದರೆ ಬೇರೆ ಹೋಟೆಲು ಎಂದು ಹೇಳಿಬಿಟ್ಟಿದ್ದರು. ಅವರೂ ಹೋದರೆ ಬಾಗಿಲು ಹಾಕುವುದೊಂದೇ ದಾರಿ ಎಂದು ಐತಾಳರು ಲೆಕ್ಕ ಹಾಕಿ ಕೂತಿದ್ದರು.

ಮರಿಗಳಿರುವ ಗೂಡನ್ನು ಕಾನೂನಿನ ಪ್ರಕಾರ ಯಾರೂ ಮುಟ್ಟುವಂತಿಲ್ಲ ಎಂದೆ.

“ಹಾಗಾದ್ರೆ ನನ್ನನ್ನು ಯಾವ ಕಾನೂನು ಕಾಯ್ತದೆ?” ಎಂದರು.

ಅವ್ವನಿಗೆ ಫೋನಿನಲ್ಲಿ ಈ ಪೇಚಾಟ ಹೇಳಿದೆ. “ನಾ ಇಟ್ಟಂಗಿ ಹೊತ್ತು ಓದಿಸಿದ್ದು ಗೂಗಿ ಕೆಡವಿದ ಎಲುಬು ಕೆದರಾಕೇನ?” ಎಂದಳು. ಹೌದವ್ವ ಎಂದೆ.

ಮರುದಿನ ಹೋಟೆಲಿನ ಮುಂಭಾಗ ತೊಳೆಯುವ ಮೊದಲೇ ಹೋದೆ. ಮೆಟ್ಟಿಲ ಮೇಲೆ ಒಂದೂ ಮೂಳೆಯಿರಲಿಲ್ಲ. ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳಿದ್ದವು. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಮೂಳೆ ಹೊಟ್ಟೆಯಲ್ಲಿ ಉಂಡೆಕಟ್ಟಿ ಬಾಯಿಂದ ಹೊರಬರುತ್ತವೆ. ನಮ್ಮ ಇಲಾಖೆಯವರು ಇದನ್ನು ಪೆಲೆಟ್ ಅನ್ನುತ್ತಾರೆ. ಹೊರಗೆ ಕೂದಲು, ಒಳಗೆ ಮೂಳೆ, ಭದ್ರವಾದ ಪೊಟ್ಟಣ.

ಅಷ್ಟರಲ್ಲಿ ಐತಾಳರು ಪೈಪು ಹಿಡಿದು ಬಂದರು. ಅವರ ಊರಿನ ಪದ್ಧತಿ: ದೀಪ ಹಚ್ಚುವ ಮುಂಚೆ ಹೊಸಿಲು, ಮೆಟ್ಟಿಲಿಗೆ ಧಾರಾಳವಾಗಿ ನೀರು. ನೀರು ಬಿದ್ದದ್ದೇ ಕೂದಲು ಬಿಡಿಬಿಡಿಯಾಗಿ ಹರಿದುಹೋಯಿತು, ಮೂಳೆಗಳು ತೊಳೆದಿಟ್ಟ ಮುತ್ತಿನ ಹಾಗೆ ಉಳಿದವು.

“ಐತಾಳ್ರೆ, ನೀರು ನಿಲ್ಲಿಸ್ರಿ. ಗೂಬಿ ಕಟ್ಟಿಕೊಟ್ಟದ್ದನ್ನ ನೀವೇ ಬಿಚ್ಚಿ ಹರಡಾಕತ್ತೀರಿ.”

ಅವರು ಪೈಪನ್ನೂ ಮೆಟ್ಟಿಲನ್ನೂ ನೋಡಿದರು. “ಅಂದ್ರೆ ನಾನು ಚೊಕ್ಕಟ ಮಾಡಿದ್ದೇ ಗಲೀಜಾಯ್ತಾ?”

ಸುಮನತಾಯಿ ಬಂದರು. ಹಳೆಯ ಪತ್ರಿಕೆ ಹಾಸಿ, ನೀರು ತಾಗದೆ ಉಳಿದ ಒಂದು ಒಣ ಉಂಡೆಯನ್ನು ಚಿಮಟದಿಂದ ಬಿಡಿಸಿ ತಲೆಬುರುಡೆ ತೋರಿಸಿದೆ. “ಹಕ್ಕಿಯಲ್ಲ ತಾಯಿ, ಇಲಿ.”

ಐತಾಳರ ಮುಖ ಬಿಳುಚಿತು. ನನ್ನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ, “ಹಕ್ಕಿ ಅಂದ್ರೆ ಗಿರಾಕಿ ಮಾತ್ರ ಹೋಗ್ತಿದ್ರು. ಇಲಿ ಅಂದ್ರೆ ಹೋಟೆಲೇ ಹೋಯ್ತಲ್ಲ ಮೇಡಂ” ಎಂದರು.

ಓದು ಕೈಹಿಡಿದದ್ದು ಅಲ್ಲಿ. ಬುರುಡೆಯ ಮುಂಬಲ್ಲು ಅಗಲವಾಗಿ, ಕಿತ್ತಳೆ ಬಣ್ಣಕ್ಕಿತ್ತು. ಅದು ಮನೆಯಿಲಿಯದಲ್ಲ, ಹೊಲದಲ್ಲಿ ಬಿಲ ತೋಡುವ ಹೆಗ್ಗಣದ ಜಾತಿಯದು. ಹೋಟೆಲಿನ ಹಿಂದೆ ಮೆಕ್ಕೆಜೋಳದ ಕೊಯ್ಲು ಆಗಷ್ಟೇ ಮುಗಿದಿತ್ತು. ಇಲಿ ತೆನೆಯನ್ನೂ ತಿನ್ನುತ್ತದೆ, ಹುಳುವನ್ನೂ ಬಿಡುವುದಿಲ್ಲ, ಮಿಶ್ರಾಹಾರಿ. ಅದನ್ನು ತಿನ್ನುವ ಗೂಬೆ ಅಪ್ಪಟ ಮಾಂಸಾಹಾರಿ. ಇಬ್ಬರ ಊಟಕ್ಕೂ ಬುಡ ಆ ಜೋಳದ ಗಿಡವೇ. ಇಷ್ಟನ್ನೂ ಮರಾಠಿಯಲ್ಲಿ ಹೇಳಿದೆ.

ಸುಮನತಾಯಿ ಕೇಳಿಕೊಂಡು, “ಉಗ್ರಾಣ ತೋರಿಸಿ” ಎಂದರು.

ಅಕ್ಕಿ, ಉದ್ದಿನ ಚೀಲಗಳನ್ನು ಒಂದೊಂದಾಗಿ ತಡವಿ ನೋಡಿದರು, ಮೂಲೆಗಳಲ್ಲಿ ಬಗ್ಗಿದರು. ಒಂದು ತೂತಿಲ್ಲ, ಒಂದು ಹಿಕ್ಕೆಯಿಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು ಕೇಳಿದರು: “ಅಹೋ ಐತಾಳ, ಹೊಲದಲ್ಲಿ ತೆನೆ ಮುಗಿಯಿತು. ಗೂಬೆಯನ್ನೂ ಕಳಿಸಿದಿರಿ ಅನ್ನಿ. ಆ ಇಲಿಗಳು ಎಲ್ಲಿಗೆ ಬರುತ್ತವೆ?”

ಐತಾಳರು ಉದ್ದಿನ ಚೀಲದ ಮೇಲೆ ಕೈಯಿಟ್ಟುಕೊಂಡು ನಿಂತರು. “ಇಲ್ಲಿಗೇ” ಎಂದರು, ಮೆಲ್ಲಗೆ.

ಆ ತಾಯಿ ಹೊರಬಂದು ಇಡ್ಲಿ ತರಿಸಿಕೊಂಡರು. ನನಗೂ ಒಂದು ತಟ್ಟೆ ಬಂತು.

“ನೀವು ಈ ಮೂರರಲ್ಲಿ ಯಾವ ಪಂಗಡ ಮೇಡಂ?” ಐತಾಳರು ಕೇಳಿದರು.

“ಮಿಶ್ರಾಹಾರಿ ರೀ. ನಿಮ್ಮ ಬೋರ್ಡಿನ ಕೆಳಗ ಕುಂತಾಗ ಮಾತ್ರ ಶಾಕಾಹಾರಿ.”

“ಅದರ ಹಿಂದೆ ಕೂತದ್ದಕ್ಕೆ ಅಷ್ಟೂ ಮರ್ಯಾದೆ ಇಲ್ಲ ನೋಡಿ.”

ಅಂದಿನಿಂದ ಅವರ ಬೆಳಗಿನ ಕ್ರಮ ಬದಲಾಯಿತು: ಮೊದಲು ಒಣ ಪೊರಕೆ, ಆಮೇಲೆ ನೀರು. ಫಲಕದ ಕೆಳಗೆ ಒಂದು ಅಗಲ ಬುಟ್ಟಿಯೂ ಬಂತು. ಸುಮನತಾಯಿ ತಮ್ಮ ಗುಂಪಿನವರಿಗೆ ಕೋಟೆಗಿಂತ ಮೊದಲು ಗೂಬೆ ತೋರಿಸತೊಡಗಿದರು. ವಿಡಿಯೊ ಮತ್ತೆ ಹಂಚಿಕೆಯಾಯಿತು, ಈ ಸಲ ಮರಿಗಳದು. ತಪ್ಪಿಹೋಗಿದ್ದ ಬಸ್ಸುಗಳು ಹಿಂತಿರುಗಿದವು.

ಇಲಾಖೆಯಲ್ಲಿ ನನಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಯಾವುದೋ ಪ್ರಾಣಿಯನ್ನು ಓಡಿಸಿ ಎಂಬುವೇ. ಅದರಿಂದ ತೊಂದರೆ ಏನು ಎಂದು ಮೊದಲೆಲ್ಲ ಕೇಳುತ್ತಿದ್ದೆ. ಈಗ ಅದು ಏನು ಉಣ್ಣುತ್ತದೆ ಎಂದು ಮೊದಲು ಕೇಳುತ್ತೇನೆ. ಎಷ್ಟೋ ಸಲ ಅರ್ಜಿದಾರರ ತಟ್ಟೆಯ ಅನ್ನಕ್ಕೂ ಅದರ ಊಟಕ್ಕೂ ಸಂಬಂಧ ಸಿಗುತ್ತದೆ.

ಚಳಿಗಾಲದಲ್ಲಿ ಐತಾಳರು ಮತ್ತೆ ಫೋನ್ ಮಾಡಿದರು. ದನಿ ಮಂಕಾಗಿತ್ತು.

“ಮೇಡಂ, ಮರಿಗಳೆಲ್ಲ ಹಾರಿ ಹೋದವು. ಸಂದಿ ಖಾಲಿ.”

“ನಿಮಗ ಬೇಕಾದದ್ದ ಆತಲ್ರೀ.”

“ಅದಲ್ಲ, ಹೊಸ ಲೈಟಿನ ಬೋರ್ಡು ಮಾಡಿಸಿ ಇಟ್ಟಿದ್ದೆ. ಅದು ಗೋಡೆಗೆ ಅಂಟಿ ಕೂರ್ತದೆ, ಸಂದಿ ಉಳಿಯುದಿಲ್ಲ. ಹಾಕುದೋ ಬೇಡವೋ? ಅವು ವಾಪಸ್ ಬಂದ್ರೆ ಎಲ್ಲಿ ಇರುದು?”