ಹಂಸದ ಅಂಚಿನ ಕೆಂಪು ಚೌಕಗಳು

ಕೊಳ್ಳೇಗಾಲದ ಲಕ್ಷ್ಮಿದೇವಿ ರೇಷ್ಮೆ ಸೀರೆಯ ಅಂಚಿಗೆ ಹೂವು, ಬಳ್ಳಿ, ಹಂಸ ಬರೆಯುತ್ತಾಳೆ. ಗಂಡ ರಂಗರಾಜು ಅವನ್ನು ಮಗ್ಗದಲ್ಲಿ ನೇಯುತ್ತಾನೆ. ಮದುವೆಯಾಗಿ ಬಂದ ಹೊಸದರಲ್ಲೇ ಒಂದು ಚೌಕಕ್ಕೆ ಒಂದು ಎಳೆ ಎಂಬ ಲೆಕ್ಕದಲ್ಲಿ ಗ್ರಾಫ್ ಹಾಳೆಯ ಚೌಕಗಳಿಗೆ ಬಣ್ಣ ತುಂಬುವುದನ್ನು ಮಾವನಿಂದ ಕಲಿತಿದ್ದಳು. ನಲವತ್ತು ದಾಟಿ ಕಣ್ಣು ಮಂಜಾದಾಗ, ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕಲಿಸುವ ಶಿವಕುಮಾರಸ್ವಾಮಿ ಒಂದು ಹಳೆಯ ಕಂಪ್ಯೂಟರಿಗೆ ಚಿತ್ರ ಬರೆಯುವ ತಂತ್ರಾಂಶ ಹಾಕಿಕೊಟ್ಟರು.

"ಇದು ಮುಕ್ತ ತಂತ್ರಾಂಶ ಕಣಮ್ಮ. ಒಳಗೆ ಎಂಗೆ ಬರ್ದವ್ರೆ ಅಂತ ಬಿಚ್ಚಿ ನೋಡ್ಬೌದು, ಬೇಕಂದ್ರೆ ನೀವೇ ಬದಲಾಯಿಸ್ಕೋಬೌದು" ಎಂದರು.

ಆ ಮಾತು ಆಗ ಅವಳ ತಲೆಗೆ ಹೋಗಲಿಲ್ಲ. ಚೌಕಗಳು ದೊಡ್ಡದಾಗಿ ಕಂಡವಲ್ಲ, ಅದೇ ಅವಳಿಗೆ ಹಬ್ಬವಾಗಿತ್ತು.

ಹೋದ ವರ್ಷ ಒಂದು ಹಂಸದ ಅಂಚು ಕೈಕೊಟ್ಟಿತು. ಮುಂದಿನಿಂದ ನೋಡಿದರೆ ಚೆಂದವೋ ಚೆಂದ. ಹಿಂಬದಿಯಲ್ಲಿ ಮಾತ್ರ ಜರಿ ಎಳೆ ಎಲ್ಲೂ ಹಿಡಿತ ಸಿಗದೆ ಉದ್ದಕ್ಕೆ ಜೋಲುತ್ತಿತ್ತು. ಯಳಂದೂರಿನ ಮದುವೆಯೊಂದಕ್ಕೆ ಆ ಸೀರೆ ಉಟ್ಟುಹೋದ ನಾದಿನಿ ಕುಸುಮಳ ಬಳೆ ಆ ಎಳೆಗೆ ಸಿಕ್ಕಿ, ಹಂಸದ ಕತ್ತೇ ಕಿತ್ತುಬಂತು.

ಲಕ್ಷ್ಮಿದೇವಿ ನೇರವಾಗಿ ಶಿವಕುಮಾರಸ್ವಾಮಿಯ ಬಳಿ ಹೋದಳು. "ಸಾ, ಎಳೆ ಉದ್ದ ಆದ್ ಕಡೆ ಬರೆಯುವಾಗ್ಲೇ ಕಂಪ್ಯೂಟರ್ ತೋರಿಸ್ಬೇಕು. ಆಯ್ತದಾ?"

"ಆಯ್ತದೆ. ಆದ್ರೆ ನಂಗೆ ನೇಯ್ಗೆ ಗೊತ್ತಿಲ್ಲ, ಪ್ರೋಗ್ರಾಮ್ ನೀವೇ ಬರೀಬೇಕು."

"ನಂಗೆ ಇದು ಗೊತ್ತಿಲ್ವಲ್ಲ ಸಾ!"

"ಕಲ್ತ್ಕಳಿ, ನಾನ್ ಏಳ್ಕೊಡ್ತೀನಿ."

ಬೇಸಿಗೆ ಪೂರ್ತಿ ಕಲಿತಳು. ಎಳೆ ಉದ್ದವಾದ ಚೌಕಗಳು ಕೆಂಪಾಗಲಿ ಎಂದು ಬರೆದ ಮೊದಲ ಪ್ರೋಗ್ರಾಮ್ ಓಡಿಸಿದರೆ ಹಂಸಕ್ಕೆ ಹಂಸವೇ ಕೆಂಪಾಯಿತು. ಅತ್ತೆ ಮಾದೇವಮ್ಮ ಇಣುಕಿ ನೋಡಿ, "ಇದೇನಮ್ಮಿ, ಅಂಸಕ್ಕೆ ಮೈಯೆಲ್ಲಾ ಸಿಡುಬಿನ ಅಮ್ಮ ಎದ್ದದಲ್ಲ!" ಎಂದರು. ಸೊಸೆ ನಕ್ಕು ಮತ್ತೆ ತಿದ್ದಲು ಕೂತಳು. ಅಂತೂ ಒಂದು ದಿನ ತಪ್ಪಿದ ಕಡೆ ಮಾತ್ರ ಕೆಂಪು ಮೂಡಿತು. ಯಾರು ಬೇಕಾದರೂ ಬಳಸಲಿ ಎಂದು ಅದನ್ನು ಇಂಟರ್ನೆಟ್ಟಿಗೆ ಹಾಕಿಬಿಟ್ಟಳು.

"ಅಷ್ಟು ಕಷ್ಟಬಿದ್ದು ಪುಕ್ಸಟ್ಟೆ ಕೊಟ್ಬುಟ್ಟಾ?" ಎಂದ ರಂಗರಾಜು.

"ನಂಗೂ ಪುಕ್ಸಟ್ಟೆನೇ ಸಿಕ್ತಲ್ಲ."

ತಿಂಗಳೊಪ್ಪತ್ತಿನಲ್ಲಿ ಅಸ್ಸಾಮಿನ ನೇಕಾರ ಮಹಿಳೆಯೊಬ್ಬಳಿಂದ ಸಂದೇಶ ಬಂತು. ಒಂದು ಹಂಸ ಮುಗಿದು ಮುಂದಿನದು ಶುರುವಾಗುವ ಕಡೆಯೂ ಎಳೆ ಮುಂದುವರಿಯುತ್ತದಲ್ಲ, ಅದನ್ನು ಪ್ರೋಗ್ರಾಮಿನಲ್ಲಿ ಸೇರಿಸಲು ಲಕ್ಷ್ಮಿದೇವಿ ಮರೆತೇಬಿಟ್ಟಿದ್ದಳು. ಅಸ್ಸಾಮಿನಾಕೆ ತಪ್ಪು ತೋರಿಸಿದ್ದಷ್ಟೇ ಅಲ್ಲ, ತಿದ್ದಿಯೂ ಕಳಿಸಿದ್ದಳು.

ಲಕ್ಷ್ಮಿದೇವಿ ಮಗ್ಗದ ಬಳಿಗೆ ಓಡಿದಳು. "ನೋಡಿ ಇಲ್ಲಿ, ಮುಖ ಕಾಣ್ದೋರು ನನ್ ತಪ್ಪ ತಿದ್ದವ್ರೆ!"

ಅವಳು ವಿವರಿಸಿದ್ದನ್ನು ಕೇಳಿದ ರಂಗರಾಜು ಮಗ್ಗ ನಿಲ್ಲಿಸಿದ. "ಓ, ಅದಾ? ಅದು ನಂಗೆ ಗೊತ್ತಿತ್ತು."

"ಏಳ್ಬಾರ್ದಾಗಿತ್ತಾ?"

"ನೀ ಕೇಳ್ನಿಲ್ವಲ್ಲಮ್ಮಿ."

ಅವಳಿಗೆ ಸಿಟ್ಟು ಬರುವ ಬದಲು ನಗು ಬಂತು. ಸ್ಟೂಲೊಂದನ್ನು ಮಗ್ಗದ ಪಕ್ಕಕ್ಕೆ ಎಳೆದುಕೊಂಡು ಕೂತಳು. "ಸರಿ, ಇನ್ನೇನೇನ್ ಗೊತ್ತು, ಏಳಿ" ಎಂದಳು. ಮಾದೇವಮ್ಮ ಊಟಕ್ಕೆ ಕರೆಯುವವರೆಗೂ ರಂಗರಾಜು ಹೇಳುತ್ತಲೇ ಇದ್ದ.